ನೇಕಾರರ ಮಗಳಿಗೆ ಜವಳಿ ವಿನ್ಯಾಸದ ಓದು ಬೇಕೆ?

ಪ್ರಶ್ನೆ: ‘ನಮ್ಮದು ಬಾಗಲಕೋಟೆ ಜಿಲ್ಲೆಯ ನೇಕಾರ ಕುಟುಂಬ. ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಸಾಹುಕಾರರಿಂದ ಬೀಮ್ (ಉದ್ದದ ಎಳೆಗಳನ್ನು ಸುತ್ತಿದ ಉರುಳೆ) ಮತ್ತು ನೂಲು ತಂದು ಕೂಲಿಗೆ ಸೀರೆ ನೇಯ್ದು ಕೊಡುತ್ತೇವೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇವಳಾದರೂ ಮಗ್ಗದ ಸದ್ದಿನಿಂದ ದೂರ ಹೋಗಲಿ ಎಂದು ಓದಿಸಿದರೆ, ಎಂಜಿನಿಯರಿಂಗ್ ಬೇಡ, ಕಲಾಶಾಲೆಗೆ ಸೇರಿ ಟೆಕ್ಸ್‌ಟೈಲ್ ಡಿಸೈನ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ನಾಲ್ಕು ವರ್ಷಕ್ಕೆ ಎಲ್ಲ ಸೇರಿ 20 ಲಕ್ಷ ರೂಪಾಯಿ ಆಗುತ್ತದೆ, ಸಾಲ ನಾವೇ ಕೊಡಿಸುತ್ತೇವೆ ಎಂದು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. ಅವಳ ಚಿತ್ರ ಅಷ್ಟಕ್ಕಷ್ಟೇ. ನೆಂಟರು “ಟೇಲರಿಂಗ್ ಕಲಿಯಲು ಇಪ್ಪತ್ತು ಲಕ್ಷವೇ” ಎಂದು ನಗುತ್ತಾರೆ. ಡಿಸೈನ್ ಎಲ್ಲ ಈಗ ಕಂಪ್ಯೂಟರೇ ಮಾಡುತ್ತದೆ ಎಂದು ದೊಡ್ಡ ಅಳಿಯ ಹೇಳುತ್ತಾರೆ. ಕಳೆದ ತಿಂಗಳು ರಾತ್ರಿ ಮಗ್ಗ ನಿಂತಿದ್ದಾಗ ಲಾಳಿ ಬದಲಿಸಿ, ತನಗೆ ಬೇಕಾದ ನೂಲು ಹಾಕಿ ಒಂದು ಗೇಣು ನೇಯ್ದುಬಿಟ್ಟಿದ್ದಳು. ಸಾಹುಕಾರರ ಬೀಮ್ ಹಾಳು ಮಾಡಿದ್ದಕ್ಕೆ ಚೆನ್ನಾಗಿ ಬೈದೆ. ಆ ತುಂಡನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಇವಳಿಗೆ ಈ ಓದು ಸರಿಯೇ? ನಾನೇನು ಮಾಡಲಿ?’

ಉತ್ತರ: ನಿಮ್ಮ ಪತ್ರ ಓದುವ ಮೊದಲೇ ಆ ತುಂಡನ್ನು ಕೈಗೆತ್ತಿಕೊಂಡೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಮಗಳಿಗೆ ಇದು ಬರುತ್ತದೆಯೇ ಎಂಬುದು ಒಂದು, ಓದಿದರೆ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೊಂದು. ಮೂರನೆಯದನ್ನು ನೀವು ಬಾಯಿಬಿಟ್ಟು ಬರೆದಿಲ್ಲ. ಮಗ್ಗದಿಂದ ಬಿಡಿಸಿಕೊಳ್ಳಲೆಂದು ಓದಿಸಿದ ಮಗು ಸುತ್ತು ಬಳಸಿ ಮತ್ತೆ ಮಗ್ಗದ ಮುಂದೆಯೇ ಬಂದು ನಿಂತರೆ ಇಷ್ಟು ವರ್ಷ ಪಟ್ಟ ಪಾಡಿಗೆ ಅರ್ಥವೇನು ಎಂಬುದು ಅದು. ಹನ್ನೆರಡು ವರ್ಷ ಗಿರಣಿಯೊಂದರ ವಿನ್ಯಾಸ ವಿಭಾಗದಲ್ಲಿ ದುಡಿದು, ಆಮೇಲಿನ ವರ್ಷಗಳನ್ನು ಪಾಠ ಹೇಳುವುದರಲ್ಲಿ ಕಳೆದವಳು ನಾನು. ಮೂರನೆಯ ಚಿಂತೆಯನ್ನು ನೇಕಾರರ ಮನೆಯ ಹಲವು ತಂದೆಯರ ಮುಖದಲ್ಲಿ ನೋಡಿದ್ದೇನೆ. ಗುಮಾಸ್ತರ, ಮೇಷ್ಟರ ಮನೆಯಿಂದ ಬರುವ ತಂದೆತಾಯಿಗಳಿಗೆ ಮಗ್ಗ ಎಂದರೆ ಕುತೂಹಲ. ನಿಮಗೆ ಅದು ಕೂಲಿ. ಆದ್ದರಿಂದ ನಿಮ್ಮ ಹಿಂಜರಿಕೆಯಲ್ಲಿ ತಪ್ಪೇನೂ ಇಲ್ಲ.

ಮೊದಲು ನೆಂಟರ ನಗುವಿನ ಲೆಕ್ಕ ಮುಗಿಸೋಣ. ಬಟ್ಟೆಯ ಸುತ್ತ ಮೂರು ಬೇರೆ ಬೇರೆ ಓದುಗಳಿವೆ. ಬಟ್ಟೆ ತಯಾರಾದ ಮೇಲೆ ಅದನ್ನು ಕತ್ತರಿಸಿ ಉಡುಪು ಮಾಡುವುದು ಫ್ಯಾಷನ್ ಡಿಸೈನ್. ನೂಲುವ, ನೇಯುವ, ಬಣ್ಣ ಹಾಕುವ ಯಂತ್ರಗಳ ಮತ್ತು ನಾರಿನ ವಿಜ್ಞಾನ ಟೆಕ್ಸ್‌ಟೈಲ್ ಟೆಕ್ನಾಲಜಿ, ಅಂದರೆ ಎಂಜಿನಿಯರಿಂಗ್. ಇವೆರಡರ ನಡುವೆ ನಿಂತು, ಈ ಬಟ್ಟೆ ಹೇಗಿರಬೇಕು ಎಂದು ಅದು ಹುಟ್ಟುವ ಮೊದಲೇ ತೀರ್ಮಾನಿಸುವುದು ಜವಳಿ ವಿನ್ಯಾಸ. ಯಾವ ನೂಲು, ಎಷ್ಟು ನಂಬರಿನದು ಅಂದರೆ ಎಷ್ಟು ದಪ್ಪದ್ದು, ಹಾಸಿನ ಅಂದರೆ ಉದ್ದದ ಎಳೆಗಳ ಬಣ್ಣ ಯಾವುದು, ಹೊಕ್ಕಿನ ಅಂದರೆ ಅಡ್ಡ ಎಳೆಗಳ ಬಣ್ಣ ಯಾವುದು, ಇಂಚಿಗೆ ಎಷ್ಟು ಎಳೆ, ನೇಯ್ದ ಮೇಲೆ ಅಚ್ಚು ಹಾಕುವುದೋ ಬೇಡವೋ, ಕೈಗೆ ಒರಟಾಗಿರಬೇಕೋ ಜಾರುವಂತಿರಬೇಕೋ ಎಂಬುದೆಲ್ಲ ಅದರ ಪಾಠ. ಹೊಲಿಗೆ ಯಂತ್ರಕ್ಕೂ ಇದಕ್ಕೂ ಹೆಚ್ಚಿನ ನಂಟಿಲ್ಲ.

ಬಟ್ಟೆಯ ಮೇಲೆ ಹೂ ಬಿಡಿಸುವುದೇ ಈ ವಿದ್ಯೆ ಎಂದು ತಿಳಿದವರು ನಮ್ಮಲ್ಲಿ ಮಾತ್ರ ಇಲ್ಲ. ಜರ್ಮನಿಯ ಬೌಹೌಸ್ ಕಲಾಶಾಲೆ 1919ರಲ್ಲಿ ಶುರುವಾದಾಗ ನೇಯ್ಗೆಯ ವಿಭಾಗವನ್ನು ಹೆಣ್ಣುಮಕ್ಕಳನ್ನು ಕೂರಿಸುವ ಮೂಲೆಯಂತೆ ಇಟ್ಟಿದ್ದರು. ಆನಿ ಆಲ್ಬರ್ಸ್ ಎಂಬಾಕೆಗೆ ಗಾಜಿನ ಕೆಲಸ ಕಲಿಯುವ ಆಸೆಯಿತ್ತು, ಸಿಕ್ಕಿದ್ದು ಮಗ್ಗ. ಓದಿನ ಕೊನೆಗೆ ಆಕೆ ಬೆರ್ನಾವ್ ಎಂಬ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕೆಂದು ಗೋಡೆಬಟ್ಟೆಯೊಂದನ್ನು ಮಾಡಿದಳು. ಅದರ ಒಂದು ಮೈ ಸದ್ದನ್ನು ಹೀರುತ್ತಿತ್ತು, ಸೆಲೊಫೇನ್ ಎಳೆ ಸೇರಿದ್ದ ಇನ್ನೊಂದು ಮೈ ಬೆಳಕನ್ನು ಹಿಂದಕ್ಕೆ ಎಸೆಯುತ್ತಿತ್ತು. ಅದರಲ್ಲಿ ಒಂದೂ ಹೂವಿರಲಿಲ್ಲ. 1949ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆಕೆಯೊಬ್ಬಳ ಕೆಲಸವನ್ನೇ ಪ್ರದರ್ಶನಕ್ಕಿಟ್ಟಿತು. ನಮ್ಮ ದೇಶದಲ್ಲೂ ಕಲಾವಿದರು ಮಗ್ಗದ ಹತ್ತಿರ ಹೋದದ್ದು ಹೊಸದಲ್ಲ. 1950ರ ದಶಕದ ಕೊನೆಯಲ್ಲಿ ಕೈಮಗ್ಗ ಮಂಡಳಿಯ ವಿನ್ಯಾಸ ಕೆಲಸಕ್ಕೆ ಚಿತ್ರಕಾರ ಕೆ.ಜಿ. ಸುಬ್ರಮಣ್ಯನ್ ಅಂಥವರೇ ಸೇರಿದ್ದರು.

ಈಗ ‘ಚಿತ್ರ ಅಷ್ಟಕ್ಕಷ್ಟೇ’ ಎಂಬ ಮಾತು. ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯಲೇಬೇಕು, ಅದರಿಂದ ತಪ್ಪಿಸಿಕೊಳ್ಳಲಾಗದು. ಆದರೆ ಅಲ್ಲಿ ನೋಡುವುದು ರವಿವರ್ಮನ ಕೈಯನ್ನಲ್ಲ, ಕಣ್ಣನ್ನು. ಬಸ್ ನಿಲ್ದಾಣದಲ್ಲಿ ಕಾಯುವ ನಾಲ್ಕು ಜನರನ್ನು ಬರೆಯಿರಿ ಎಂದರೆ, ಚೀಲ ಹೊತ್ತವಳ ಹೆಗಲು ಒಂದು ಕಡೆ ಬಾಗಿದೆಯೇ, ದೂರದವನು ಚಿಕ್ಕದಾಗಿ ಕಾಣುತ್ತಾನೆಯೇ ಎಂದು ನೋಡುತ್ತಾರೆ. ದಿನಕ್ಕೆ ಒಂದು ಗಂಟೆ, ಆರೇಳು ತಿಂಗಳು ಬಿಡದೆ ಕೈ ಆಡಿಸಿದರೆ ಇದು ಬರುತ್ತದೆ. ಹತ್ತು ವರ್ಷ ಚಿತ್ರಕಲೆ ಕಲಿತು ಬಂದು ಮಗ್ಗದ ಮುಂದೆ ತಬ್ಬಿಬ್ಬಾದವರನ್ನೂ ಕಂಡಿದ್ದೇನೆ. ಕಾಗದದ ಮೇಲೆ ಗೆರೆ ಎಳೆಯುವ ಕೈ ಎಲ್ಲಿ ಬೇಕಾದರೂ ತಿರುಗಬಹುದು. ಎಳೆಗೆ ಉದ್ದ ಅಡ್ಡ ಬಿಟ್ಟರೆ ದಿಕ್ಕೇ ಇಲ್ಲ.

ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ನಿಮ್ಮ ಅಳಿಯನವರಿಗೆ ಹೇಳಬೇಕು. ಕಂಪ್ಯೂಟರಿಗೆ ‘ಒಂದು ನವಿಲು ಕೊಡು’ ಎಂದರೆ ಅರೆಗಳಿಗೆಯಲ್ಲಿ ಹತ್ತು ನವಿಲು ಕೊಡುತ್ತದೆ, ನಿಜ. ಅವುಗಳಲ್ಲಿ ಚೆಂದದ್ದೊಂದನ್ನು ಆರಿಸಿ ಮಗ್ಗಕ್ಕೆ ತನ್ನಿ ನೋಡೋಣ. ವಿನ್ಯಾಸಕ್ಕೆ ತಕ್ಕಂತೆ ಹಾಸಿನ ಎಳೆಗಳನ್ನು ಎತ್ತುವ 240 ಹುಕ್ಕಿನ ಜಕಾರ್ಡ್ ಸಾಧನ ಇದೆ, ಇಂಚಿಗೆ 80 ಎಳೆಯ ಹಾಸು ಇದೆ ಎಂದುಕೊಳ್ಳಿ. ಹುಕ್ಕಿಗೆ ಒಂದು ಎಳೆಯಂತೆ 240 ಎಳೆ ಎಂದರೆ ಮೂರು ಇಂಚು. ನವಿಲು ಬಾಲ ಸಮೇತ ಆ ಮೂರು ಇಂಚಿನೊಳಗೆ ಮುಗಿಯಬೇಕು. ಮುಗಿದ ಕಡೆಯಲ್ಲೇ ಪಕ್ಕದ ನವಿಲು ಹುಟ್ಟಬೇಕು, ನಡುವೆ ಸೀಳು ಕಾಣಬಾರದು. ಒಂದು ಎಳೆಗಿಂತ ತೆಳುವಾದ ಗೆರೆಯೆಲ್ಲ ಮಾಯವಾಗುತ್ತದೆ. ಕೊರಳಿನ ನುಣುಪು ಬಾಗು ಮೆಟ್ಟಿಲಾಗುತ್ತದೆ. ಮೆಟ್ಟಿಲು ಎಲ್ಲಿ ಒಂದು ಎಳೆ, ಎಲ್ಲಿ ಎರಡು ಎಳೆ ಇಟ್ಟರೆ ದೂರಕ್ಕೆ ಬಾಗಿನಂತೆ ಕಾಣುತ್ತದೆ ಎಂದು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ನೋಡಬೇಕು. ಎದೆಯ ಭಾಗದಲ್ಲಿ ಹೊಕ್ಕಿನ ಬಣ್ಣ ತುಂಬಿ ಕಾಣಲಿ ಎಂದು 40 ಎಳೆಯ ಮೇಲೆ ಒಂದೇ ಸಮ ತೇಲಿಬಿಟ್ಟರೆ ಅರ್ಧ ಇಂಚಿನ ಸಡಿಲ ನೂಲಾಯಿತು. ಉಟ್ಟವರ ಬಳೆಗೆ ಸಿಕ್ಕಿ ಮೊದಲ ಮದುವೆಯಲ್ಲೇ ಕಿತ್ತು ಬರುತ್ತದೆ. ಅದಕ್ಕೆ ನಡುನಡುವೆ ಕಟ್ಟು ಹಾಕಬೇಕು, ಹಾಕಿದ ಕಟ್ಟು ಗರಿಯ ಗೆರೆಯಂತೆ ಕಾಣುವ ಹಾಗೆ ಹಾಕಬೇಕು. ಇನ್ನೊಂದು ಬಣ್ಣ ಸೇರಿಸೋಣ ಎಂದರೆ ಇನ್ನೊಂದು ಲಾಳಿ ಬೇಕು, ಮಗ್ಗದ ವೇಗ ತಗ್ಗುತ್ತದೆ, ಸೀರೆಯ ಬೆಲೆ ಏರುತ್ತದೆ.

ಈ ಲೆಕ್ಕಗಳನ್ನು ಮಾಡುವ ತಂತ್ರಾಂಶಗಳೂ ಬಂದಿವೆ, ಗಿರಣಿಯಲ್ಲಿ ನಾವು ಬಳಸುತ್ತಿದ್ದೆವು. ಅವು ದುಡಿಮೆ ಉಳಿಸುತ್ತವೆ. ಆದರೆ ಬೇಕು ಬೇಡ ಹೇಳುವವರು ಒಬ್ಬರು ಇರಲೇಬೇಕು. ಅಳಿಯನವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಬರೀ ಅಚ್ಚಿನ ಬಟ್ಟೆಗೆ ಹೂಬಳ್ಳಿ ಬರೆದು ಕೊಡುವ ಕೆಲಸಕ್ಕೆ ಮುಂದೆ ಮೊದಲಿನ ಬೆಲೆ ಇರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅದೊಂದನ್ನೇ ನೆಚ್ಚಿಕೊಂಡವರಿಗೆ ಈಗಾಗಲೇ ಬಿಸಿ ತಟ್ಟಿದೆ. ನೇಯ್ಗೆ, ಹೆಣಿಗೆ, ಬಣ್ಣ ಬಲ್ಲವರಿಗೆ ಅಷ್ಟಾಗಿ ತಟ್ಟಿಲ್ಲ.

ಇನ್ನು ನೀವು ಕಳಿಸಿದ ತುಂಡು. ಕಡುನೀಲಿ ಹಾಸಿನ ಎಳೆಗಳಿಗೆ ನಿಮ್ಮ ಮಗಳು ಸಾಸಿವೆ ಹಳದಿಯ ಹೊಕ್ಕು ಕೊಟ್ಟಿದ್ದಾಳೆ. ಬಣ್ಣದ ಡಬ್ಬಿಯಲ್ಲಿ ನೀಲಿಗೆ ಹಳದಿ ಬೆರೆಸಿದರೆ ಹಸಿರು ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಎಳೆಗಳು ಬೆರೆಯುವುದಿಲ್ಲ, ಒಂದರ ಪಕ್ಕ ಒಂದು ಇರುತ್ತವೆ. ಬೆರೆಸುವುದು ನೋಡುವವರ ಕಣ್ಣು. ಹಾಗಾಗಿ ಎಲೆಹಸಿರು ಬರುವುದಿಲ್ಲ, ಒಣಗಿದ ಹುಲ್ಲಿನಂಥ ಮಾಸಲು ಬಣ್ಣ ಬರುತ್ತದೆ. ಕಿಟಕಿಯ ಬಳಿ ಹಿಡಿದು ಓರೆ ಮಾಡಿದರೆ ಒಮ್ಮೆ ನೀಲಿ ಮೇಲೇಳುತ್ತದೆ, ಒಮ್ಮೆ ಹಳದಿ. ಮೊದಲ ವರ್ಷದ ಮಕ್ಕಳು ಬಣ್ಣದ ಹಾಳೆಯಲ್ಲಿ ಹಸಿರು ಬರೆದುಕೊಂಡು ಬಂದು, ಮಗ್ಗದಲ್ಲಿ ಈ ಮಾಸಲು ಬಣ್ಣ ಕಂಡು ಕಣ್ಣೀರು ಹಾಕುವುದು ನಮಗೆ ಪ್ರತಿವರ್ಷದ ನೋಟ. ನಿಮ್ಮ ಮಗಳು ಅತ್ತ ಹಾಗಿಲ್ಲ. ಆ ಮಾಸಲಿನ ಮೇಲೆ ನಡುನಡುವೆ ಎರಡೆರಡು ಎಳೆ ಗಿಳಿಹಸಿರು ಓಡಿಸಿದ್ದಾಳೆ. ಅಕ್ಕಪಕ್ಕ ಮಾಸಲು ಇರುವುದರಿಂದಲೇ ಆ ಸಣ್ಣ ಗೆರೆ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಾರರು. ನಾಲ್ಕು ಮಗ್ಗದ ನಡುವೆ ಬೆಳೆದ ಕಣ್ಣಿಗೆ ತಾನಾಗಿ ಹೊಳೆದಿದೆ. ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ.

ಆದರೆ ಬರುವುದಕ್ಕೂ ಬದುಕುವುದಕ್ಕೂ ನಡುವೆ ದುಡ್ಡಿನ ಹಳ್ಳವಿದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಾನೂ ಆ ಫೋನ್ ಮಾಡುವವರ ಸಾಲಿಗೇ ಸೇರುತ್ತೇನೆ.

ನಾನು ಪಾಠ ಹೇಳಿ ಕಳಿಸಿದವರು ಇತ್ತೀಚಿನ ವರ್ಷಗಳಲ್ಲಿ ಮೊದಲ ಕೆಲಸದಲ್ಲಿ ತಿಂಗಳಿಗೆ 25ರಿಂದ 40 ಸಾವಿರದೊಳಗೆ ಸಂಬಳ ಕಂಡಿದ್ದಾರೆ. ದೊಡ್ಡ ಸಂಸ್ಥೆಯ ಹೆಸರು ಹೊತ್ತವರಿಗೆ ಸ್ವಲ್ಪ ಹೆಚ್ಚು, ಬಟ್ಟೆ ರಫ್ತು ಮಾಡುವ ಸಣ್ಣ ಕಂಪನಿ ಸೇರಿದವರಿಗೆ ಕಡಿಮೆ. ಕೆಲಸವಿರುವ ಊರುಗಳು ಹಾಸಿಗೆ ಹೊದಿಕೆ, ಪರದೆ ನೇಯುವ ಕರೂರು, ಹೆಣಿಗೆ ಬಟ್ಟೆಯ ತಿರುಪ್ಪೂರು, ರತ್ನಗಂಬಳಿ ಮತ್ತು ಕಂಬಳಿಯ ಪಾಣಿಪತ್, ಅಚ್ಚಿನ ಸೀರೆಯ ಸೂರತ್. ಬೆಂಗಳೂರಿನಲ್ಲಿ ಬಟ್ಟೆ ಬ್ರ್ಯಾಂಡುಗಳ ಕಚೇರಿಗಳೂ ವಿದೇಶಿ ಖರೀದಿದಾರರ ಕಚೇರಿಗಳೂ ಇವೆ. ಐದಾರು ವರ್ಷ ಕಳೆದ ಮೇಲೆ ಸಂಬಳ ಏರುತ್ತದೆ, ಆದರೆ ಮೊದಲ ಮೂರು ವರ್ಷ ಬಿಗಿ. ಇದಕ್ಕೆ ಕಾರಣ ನಿಮಗೂ ಗೊತ್ತಿರುವುದೇ. ನಮ್ಮ ಜವಳಿ ವ್ಯಾಪಾರದಲ್ಲಿ ವಿನ್ಯಾಸಕ್ಕೆ ದುಡ್ಡು ಕೊಡುವ ಅಭ್ಯಾಸ ಕಡಿಮೆ. ಹೊರದೇಶದ ಖರೀದಿದಾರರು ಮಾದರಿಯ ತುಂಡು ಕಳಿಸುತ್ತಾರೆ, ‘ಇಂಥದ್ದೇ ಮಾಡಿಕೊಡಿ, ಎರಡು ರೂಪಾಯಿ ಕಡಿಮೆಗೆ’ ಎನ್ನುತ್ತಾರೆ. ಒಳದೇಶದಲ್ಲಿ ಒಬ್ಬರ ಸೀರೆ ಓಡಿದರೆ ತಿಂಗಳೊಳಗೆ ಇಡೀ ಪೇಟೆ ಅದನ್ನೇ ನೇಯುತ್ತದೆ. ನಕಲು ಪುಕ್ಕಟೆಯಾಗಿ ಸಿಗುವಾಗ ಅಸಲಿಗೆ ಯಾರು ಕೊಡುತ್ತಾರೆ? ವಿನ್ಯಾಸ ಓದಿದ ಹಲವರು ಕಡೆಗೆ ಆ ಮಾದರಿ ತುಂಡುಗಳನ್ನು ವಿಂಗಡಿಸುತ್ತ, ಕೊರಿಯರ್ ಕಳಿಸುತ್ತ ಕೂತಿರುವುದನ್ನು ನೋಡಿದ್ದೇನೆ. ನಾನೂ ಎರಡು ವರ್ಷ ಅದನ್ನೇ ಮಾಡಿದೆ.

ಈಗ 20 ಲಕ್ಷದ ಸಾಲ ತೆಗೆದುಕೊಳ್ಳಿ. ಶೇ 11ರ ಬಡ್ಡಿ, ಹತ್ತು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 27,500 ರೂಪಾಯಿ. ಓದುವ ನಾಲ್ಕು ವರ್ಷದಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಮೊದಲ ಸಂಬಳ 30 ಸಾವಿರವಾದರೆ ಮಗಳು ಬೆಂಗಳೂರಿನಲ್ಲಿ ಏನು ತಿಂದು ಎಲ್ಲಿ ಮಲಗುತ್ತಾಳೆ? ಕಂತು ಮತ್ತೆ ನಿಮ್ಮ ನಾಲ್ಕು ಮಗ್ಗದ ಮೇಲೆಯೇ ಬರುತ್ತದೆ. ಅದೇ 6 ಲಕ್ಷದ ಸಾಲವಾದರೆ ಕಂತು 8,300ರ ಹತ್ತಿರ, ಅದನ್ನು ಅವಳೇ ತೀರಿಸಬಲ್ಲಳು. ಓದು ಸರಿಯೇ ಎಂದು ನೀವು ಕೇಳಿದಿರಿ. ಓದು ಸರಿ, ಆ ಬಾಗಿಲು ಸರಿಯಲ್ಲ.

ಹಾಗಾದರೆ ಬೇರೆ ಬಾಗಿಲು ಯಾವುವು? ಮೊದಲನೆಯದು ಕೇಂದ್ರ ಸರ್ಕಾರದ ಸಂಸ್ಥೆಗಳು. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಇದೆ. ಅದರ ಬೆಂಗಳೂರು ಶಾಖೆಯಲ್ಲಿ ಜವಳಿ ವಿನ್ಯಾಸದ ಪದವಿ ಇಲ್ಲ, ಏಜೆಂಟರು ಇದೆ ಎಂದರೆ ನಂಬಬೇಡಿ. ಜವಳಿ ಸಚಿವಾಲಯದ ಅಡಿಯಲ್ಲಿರುವ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್ 1986ರಲ್ಲಿ ದೆಹಲಿಯಲ್ಲಿ ಹುಟ್ಟಿತು. ಅದರ ಬೆಂಗಳೂರು ಕೇಂದ್ರದಲ್ಲಿ ನಾಲ್ಕು ವರ್ಷದ ಜವಳಿ ವಿನ್ಯಾಸ ಪದವಿ ಇದೆ. ಎರಡಕ್ಕೂ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ನಡೆಯುತ್ತದೆ, ಎರಡಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ. ನಿಫ್ಟ್‌ನಲ್ಲಿ ಚಿತ್ರದ ಪರೀಕ್ಷೆ, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆ, ಆಮೇಲೆ ಕೈಗೆ ಕೊಟ್ಟ ಸಾಮಗ್ರಿಯಿಂದ ಅಲ್ಲೇ ಕುಳಿತು ಮಾದರಿ ಮಾಡುವ ಪರೀಕ್ಷೆ. ಈ ಕೊನೆಯದರಲ್ಲಿ ಮಗ್ಗದ ಮನೆಯ ಮಕ್ಕಳು ಪಟ್ಟಣದ ಮಕ್ಕಳನ್ನು ಮೀರಿಸುವುದನ್ನು ನೋಡಿದ್ದೇನೆ. ಗಂಟು ಹಾಕಲು ಬರುವುದೂ ಒಂದು ವಿದ್ಯೆಯೇ.

ಇಲ್ಲಿನ ಅಪಾಯಗಳನ್ನೂ ಕೇಳಿ. ಸೀಟು ಕಡಿಮೆ, ಬರೆಯುವವರು ಬಹಳ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುವುದಿಲ್ಲ, ಇಂಗ್ಲಿಷಿನ ಓದು ಈಗಿನಿಂದಲೇ ಚುರುಕಾಗಬೇಕು. ಮತ್ತು ‘ಸರ್ಕಾರಿ’ ಎಂದ ಕೂಡಲೇ ಅಗ್ಗ ಎಂದುಕೊಳ್ಳಬೇಡಿ. ಶುಲ್ಕ, ಹಾಸ್ಟೆಲ್, ನೂಲು, ಬಣ್ಣ, ಓಡಾಟ ಎಲ್ಲ ಸೇರಿದರೆ ನಾಲ್ಕು ವರ್ಷಕ್ಕೆ ಇಲ್ಲೂ ಹತ್ತು ಲಕ್ಷ ದಾಟುತ್ತದೆ. ಆದರೆ ಕುಟುಂಬದ ಆದಾಯ ನೋಡಿ ಶುಲ್ಕಕ್ಕೆ ನೆರವು ನೀಡುವ ಏರ್ಪಾಡು ಇಲ್ಲಿದೆ. 2024ರಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡವಿಲ್ಲದೆ ಸಾಲ ಸಿಗುತ್ತದೆ. ವರ್ಷದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರ ರಿಯಾಯಿತಿಯೂ ಇದೆ. ನಿಮಗೆ ಫೋನ್ ಮಾಡುವ ಕಾಲೇಜಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಅವರನ್ನೇ ಕೇಳಿ ನೋಡಿ. ಆಮೇಲೆ ಫೋನ್ ಬರುವುದು ಕಡಿಮೆಯಾಗಬಹುದು.

ಇಲ್ಲೇ ಒಂದು ಎಚ್ಚರಿಕೆ. ನಿಫ್ಟ್‌ನಲ್ಲಿ ಕುಶಲಕರ್ಮಿಗಳ ಮಕ್ಕಳಿಗೆಂದು ಬೇರೆ ದಾರಿ ಇದೆ. ಕೈಮಗ್ಗ ನೇಕಾರರ ಮಕ್ಕಳು ಸರ್ಕಾರಿ ಜವಳಿ ಸಂಸ್ಥೆಗಳಲ್ಲಿ ಓದಿದರೆ ಕೇಂದ್ರದಿಂದ ವಿದ್ಯಾರ್ಥಿವೇತನವೂ ಉಂಟು. ಇವು ಕುಶಲಕರ್ಮಿ ಅಥವಾ ಕೈಮಗ್ಗ ನೇಕಾರರೆಂಬ ಸರ್ಕಾರಿ ಗುರುತಿನ ಚೀಟಿ ಉಳ್ಳವರಿಗೆ. ನಿಮ್ಮದು ವಿದ್ಯುತ್ ಮಗ್ಗ. ‘ಚೀಟಿ ನಾವು ಮಾಡಿಸುತ್ತೇವೆ’ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ಸುಳ್ಳು ದಾಖಲೆ ಎಂದು ಗೊತ್ತಾದರೆ ಸೀಟು ಓದಿನ ನಡುವೆಯೂ ಹೋಗುತ್ತದೆ.

ಎರಡನೆಯ ಬಾಗಿಲು ನಿಮ್ಮ ಪಕ್ಕದಲ್ಲೇ ಇದೆ, ಗದಗ-ಬೆಟಗೇರಿಯ ಕರ್ನಾಟಕ ಕೈಮಗ್ಗ ತಂತ್ರಜ್ಞಾನ ಸಂಸ್ಥೆ. ಮೂರು ವರ್ಷದ ಡಿಪ್ಲೊಮಾ, ಖರ್ಚು ಕಡಿಮೆ, ಮಗ್ಗ ಮತ್ತು ಬಣ್ಣದ ಬುನಾದಿ ಗಟ್ಟಿ. ಇದು ಕಲಾಶಾಲೆಯಲ್ಲ, ತಾಂತ್ರಿಕ ಶಾಲೆ. ಬಣ್ಣಗಾರಿಕೆಯ ರಸಾಯನ, ಬಟ್ಟೆಯ ಲೆಕ್ಕ ಇಲ್ಲಿ ಚೆನ್ನಾಗಿ ಸಿಗುತ್ತದೆ. ಹೊಸದನ್ನು ಕಲ್ಪಿಸು, ನಾಲ್ಕು ಜನರ ಮುಂದೆ ಅದನ್ನು ಸಮರ್ಥಿಸು ಎಂಬ ತರಬೇತಿ ಅಷ್ಟು ಸಿಗುವುದಿಲ್ಲ. ಪಿಯುಸಿ ವಿಜ್ಞಾನ ಮುಗಿಸಿದ ಹುಡುಗಿಗೆ ಡಿಪ್ಲೊಮಾ ಒಂದು ಹೆಜ್ಜೆ ಹಿಂದೆ ಇಟ್ಟಂತೆ ಅನ್ನಿಸಬಹುದು. ಅವಳ ಮನಸ್ಸು ಕೇಳಿ.

ಮೂರನೆಯದು ಬಳಸು ದಾರಿ, ಆದರೆ ನನಗೆ ಇಷ್ಟವಾದದ್ದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಸರ್ಕಾರಿ ಕಲಾಶಾಲೆಯಲ್ಲಿ ಕಡಿಮೆ ಶುಲ್ಕಕ್ಕೆ ದೃಶ್ಯಕಲೆಯ ಪದವಿ ಮುಗಿಸಿ, ಆಮೇಲೆ ಎನ್‌ಐಡಿ ಅಥವಾ ನಿಫ್ಟ್‌ನಲ್ಲಿ ಸ್ನಾತಕೋತ್ತರಕ್ಕೆ ಪರೀಕ್ಷೆ ಬರೆಯುವುದು. ದೊಡ್ಡ ಶುಲ್ಕ ಆ ಸ್ನಾತಕೋತ್ತರದ ಅವಧಿಗೆ ಮಾತ್ರ. ಚಿತ್ರ ಸುಧಾರಿಸುತ್ತದೆ, ಇಂಗ್ಲಿಷ್ ಸುಧಾರಿಸುತ್ತದೆ, ಹುಡುಗಿ ದೊಡ್ಡವಳಾಗಿರುತ್ತಾಳೆ. ಅಪಾಯವೆಂದರೆ ಆ ನಾಲ್ಕು ವರ್ಷ ಕಾಲೇಜಿನಲ್ಲಿ ಮಗ್ಗದ ಮುಖ ಕಾಣದೆ ಇರಬಹುದು. ನಿಮ್ಮ ಮಗಳಿಗೆ ಆ ಅಪಾಯವಿಲ್ಲ, ರಜೆಗೆ ಮನೆಗೆ ಬಂದರೆ ಸಾಕು.

ಖಾಸಗಿ ಕಾಲೇಜುಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲೇ ಒಳ್ಳೆಯವು ಇವೆ, ಅಲ್ಲಿ ಕಲಿತ ಜಾಣರ ಜೊತೆ ಕೆಲಸ ಮಾಡಿದ್ದೇನೆ. ಯಾವುದಕ್ಕೆ ಹೋದರೂ ಸ್ವಾಗತ ಕೋಣೆಯ ಸೋಫಾದಲ್ಲಿ ಕೂತು ತೀರ್ಮಾನ ಮಾಡಬೇಡಿ. ‘ನೇಯ್ಗೆಯ ಕೋಣೆ ತೋರಿಸಿ’ ಎನ್ನಿ. ಅಲ್ಲಿ ನಿಮಗಿಂತ ಒಳ್ಳೆಯ ಪರೀಕ್ಷಕರು ಯಾರಿದ್ದಾರೆ? ಎಷ್ಟು ಮಗ್ಗಕ್ಕೆ ಹಾಸು ಹೂಡಿದೆ, ಎಷ್ಟು ಬರಿದಾಗಿ ನಿಂತಿವೆ ನೋಡಿ. ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಗೆ ತುಕ್ಕು ಹಿಡಿದಿದೆಯೇ ನೋಡಿ. ಲಾಳಿಯನ್ನು ಕೈಯಲ್ಲಿ ಹಿಡಿಯಿರಿ, ದಿನವೂ ಓಡುವ ಲಾಳಿಯ ಮೈ ಹೇಗಿರುತ್ತದೆ ಎಂದು ನಿಮ್ಮ ಅಂಗೈಗೆ ಗೊತ್ತು. ಮಗ್ಗ ಹೂಡಿಕೊಡುವ ನೇಕಾರರು ಖಾಯಂ ಇದ್ದಾರೆಯೇ, ಇಲ್ಲ ತಪಾಸಣೆಗೆ ಬರುವ ದಿನ ಮಾತ್ರ ಕರೆಸುತ್ತಾರೆಯೇ ಕೇಳಿ. ಬಣ್ಣದ ಕೋಣೆಯ ಚರಂಡಿ ನೋಡಿ, ಒಣಗಿದ್ದರೆ ಅಲ್ಲಿ ಪಾಠ ನಡೆಯುತ್ತಿಲ್ಲ. ಹಿಂದಿನ ವರ್ಷ ಪಾಸಾದ ಇಬ್ಬರ ಹತ್ತಿರ ಮಾತಾಡಬೇಕು ಎನ್ನಿ, ಗೋಡೆಯ ಮೇಲೆ ಫೋಟೊ ಇರುವವರ ಹತ್ತಿರವಲ್ಲ. ನನ್ನ ಪರಿಚಯದ ಒಬ್ಬ ತಂದೆ ಹೀಗೇ ಹೋಗಿ, ಗಾಜಿನ ಗೋಡೆಯ ಹಿಂದೆ ಚೆಂದವಾಗಿ ಜೋಡಿಸಿದ್ದ ಮಗ್ಗಗಳಲ್ಲಿ ಒಂದಕ್ಕೂ ತುಳಿಯುವ ಪಾವಟಿಗೆಗೆ ಹಗ್ಗ ಕಟ್ಟಿರಲಿಲ್ಲ ಎಂದು ಕಂಡುಹಿಡಿದು, ಕೊಟ್ಟ ಕಾಫಿ ಕುಡಿದು ಎದ್ದು ಬಂದರು.

ನಿಮ್ಮ ಮೂರನೆಯ ಚಿಂತೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ನೀವು ಮತ್ತು ನಿಮ್ಮ ಮಗಳು ‘ಮಗ್ಗ’ ಎಂದಾಗ ಹೇಳುವುದು ಬೇರೆ ಬೇರೆ ವಸ್ತು. ನಿಮಗೆ ಬೀಮ್ ಬರುತ್ತದೆ, ಬಣ್ಣ ಬರುತ್ತದೆ, ಬುಟ್ಟಾ ಎಲ್ಲಿ ಎಷ್ಟು ಎಂದು ಹೇಳಿ ಕಳಿಸುತ್ತಾರೆ. ನೇಯ್ದು ಕೊಟ್ಟರೆ ಸೀರೆಗೆ ಇಷ್ಟು ಎಂದು ಕೂಲಿ. ಸೀರೆ ಹೇಗಿರಬೇಕೆಂದು ತೀರ್ಮಾನಿಸುವವರು ಬೇರೆ, ಲಾಭವೂ ಅವರದು. ಮಗಳು ಕೂರಬೇಕೆಂದಿರುವುದು ಆ ತೀರ್ಮಾನದ ಜಾಗದಲ್ಲಿ. ಅವಳು ಓದಿ ಬಂದು ನಿಮ್ಮ ಮಗ್ಗಗಳಿಗೆ ಹೊಸ ದಾರಿ ತೋರಿಸಿಬಿಡುತ್ತಾಳೆ ಎಂಬ ಕನಸನ್ನು ಮಾತ್ರ ಈಗಲೇ ಅವಳ ಹೆಗಲಿಗೆ ಹಾಕಬೇಡಿ. ಸಾಹುಕಾರರ ನೂಲಿಲ್ಲದೆ ಸ್ವಂತ ಸೀರೆ ನೇಯಲು ಬಂಡವಾಳ ಬೇಕು, ಮಾರಲು ಪೇಟೆ ಬೇಕು. ಕೈಮಗ್ಗಕ್ಕೆ ಮೀಸಲಾದ ಬಗೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯಬಾರದೆಂಬ 1985ರ ಕಾಯ್ದೆ ಇದೆ, ಅದರ ಗೆರೆ ಎಲ್ಲಿದೆ ಎಂದೂ ತಿಳಿದಿರಬೇಕು. ಅದೆಲ್ಲ ಆಮೇಲಿನ ಮಾತು. ಕರೂರಿನಲ್ಲಿ ಪರದೆ ಬಟ್ಟೆ ಮಾಡುತ್ತ ಆರಾಮಾಗಿ ಇದ್ದುಬಿಟ್ಟರೂ ತಪ್ಪಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಈ ವರ್ಷ ಎನ್‌ಐಡಿ, ನಿಫ್ಟ್ ಎರಡರ ಪರೀಕ್ಷೆಯನ್ನೂ ಬರೆಸುತ್ತಿದ್ದೆ. ಜೊತೆಗೆ ಸಿಇಟಿಯನ್ನೂ ಬರೆಸುತ್ತಿದ್ದೆ. ಅವಳನ್ನು ಹೆದರಿಸುವುದಕ್ಕಲ್ಲ, ಜವಳಿ ಎಂಜಿನಿಯರಿಂಗ್ ನಮ್ಮ ರಾಜ್ಯದ ಕಾಲೇಜುಗಳಲ್ಲೂ ಇದೆ, ಅಲ್ಲಿಂದಲೂ ಸ್ನಾತಕೋತ್ತರ ವಿನ್ಯಾಸಕ್ಕೆ ಹೋಗಬಹುದು ಎಂಬ ಕಾರಣಕ್ಕೆ. ಪರೀಕ್ಷೆಯ ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿಯುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಪೆನ್ಸಿಲ್, ಊರಿನ ಚಿತ್ರಕಲಾ ಶಿಕ್ಷಕರು, ಮತ್ತು ಜನರನ್ನು ನೋಡಿ ಬರೆಯಲು ಶನಿವಾರದ ಸಂತೆ ಸಾಕು. ಸೀಟು ಸಿಗದಿದ್ದರೆ ಮೈಸೂರು ಅಥವಾ ಗದಗ. 20 ಲಕ್ಷಕ್ಕೆ ಸಹಿ ಹಾಕುತ್ತಿರಲಿಲ್ಲ.

ಇನ್ನೊಂದು ಕೆಲಸ ಇವತ್ತೇ ಶುರು ಮಾಡಬಹುದು. ಅವಳಿಗೆ ದಪ್ಪ ಹಾಳೆಯ ಒಂದು ಪುಸ್ತಕ ಕೊಡಿಸಿ. ನಿಮ್ಮ ಮಗ್ಗದಲ್ಲಿ ಬೀಮ್ ಮುಗಿದಾಗ ಉಳಿಯುವ ಕೊನೆಯ ತುಂಡುಗಳನ್ನು ಅದರಲ್ಲಿ ಅಂಟಿಸಲಿ. ಪಕ್ಕದಲ್ಲಿ ನೂಲಿನ ನಂಬರು, ಇಂಚಿಗೆ ಎಷ್ಟು ಎಳೆ, ತನಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಕನ್ನಡದಲ್ಲೇ ಬರೆಯಲಿ. ಸಾಹುಕಾರರಿಗೆ ಹೇಳಿ, ಬೀಮಿನ ಕೊನೆಯ ಒಂದು ಗೇಣು ಅವಳಿಗೆಂದು ಬಿಡಿಸಿಕೊಳ್ಳಿ. ಕೂಲಿಯಲ್ಲಿ ಹಿಡಿದುಕೊಳ್ಳಲಿ ಬೇಕಾದರೆ.

ಕಡೆಗೆ ಒಂದು ಸಂಶಯ. ಆ ತುಂಡನ್ನು ಭೂತಗನ್ನಡಿಯಲ್ಲಿ ಎಣಿಸಿದೆ. ಹಸಿರು ಗೆರೆಗಳ ನಡುವೆ ಮೊದಲು ಹನ್ನೆರಡು ಎಳೆ ಇವೆ, ಆಮೇಲೆ ಹತ್ತು, ಎಂಟು, ಆರು. ಗೆರೆಗಳು ಹತ್ತಿರ ಹತ್ತಿರ ಬರುತ್ತಿವೆ. ಇನ್ನು ನಾಲ್ಕು ಬರಬೇಕು ಎಂದುಕೊಂಡರೆ ಅಲ್ಲಿ ಹನ್ನೊಂದು ಇದೆ, ಮತ್ತೆ ಹಸಿರು, ಅಲ್ಲಿಗೆ ತುಂಡು ಮುಗಿಯುತ್ತದೆ. ಲಾಳಿಯೊಳಗಿನ ನೂಲಿನ ಕಂಡಿಕೆ ಖಾಲಿಯಾಗಿ ಎಣಿಕೆ ತಪ್ಪಿತೋ, ನಿಮ್ಮ ಹೆಜ್ಜೆ ಸದ್ದು ಕೇಳಿ ಗಾಬರಿಯಾಯಿತೋ, ಇಲ್ಲ ಬೇಕೆಂದೇ ಹಾಗೆ ಬಿಟ್ಟಳೋ? ಬೈಯದೆ ಕೇಳಿ ನನಗೆ ಬರೆದು ತಿಳಿಸಿ. ತುಂಡನ್ನು ಅದೇ ಲಕೋಟೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ, ಪುಸ್ತಕದ ಮೊದಲ ಹಾಳೆಗೆ ಬೇಕಾಗುತ್ತದೆ.